ಎರಡನೇ ಸಲ ಎಂಬ ಮೊದಲ ಆಲ್ಬಮ್

ಪ್ರಭಂಜನನ ದನಿ ತೆಗೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಮೊದಲು ಹಲ್ಲಿನ ಸಂದಿಯಿಂದ 'ಸ್ಸ್' ಅಂತ ಉಸಿರೆಳೆದುಕೊಳ್ಳಬೇಕು, ಬಿಸಿ ಕಾಫಿಗೆ ನಾಲಿಗೆ ಸುಟ್ಟುಕೊಂಡವರ ಹಾಗೆ. ಆಮೇಲೆ 'ಅಂದ್ರೆ...' ಅನ್ನಬೇಕು. ಒಂದು ಬಸ್ಸು ತಿರುಗಿಸಿಕೊಳ್ಳುವಷ್ಟು ಜಾಗ ಬಿಟ್ಟು 'ಹೇಗ್ ಹೇಳೋದು...' ಅನ್ನಬೇಕು. ಅಷ್ಟು ಹೊತ್ತಿಗೆ ಕೇಳುವವರಿಗೆ ವಿಷಯದ ಮೇಲಿನ ಆಸೆಯೇ ಬತ್ತಿಹೋಗಿರುತ್ತದೆ. ಹೆಸರೇನೋ ಪ್ರಭಂಜನ, ಬಿರುಗಾಳಿ. ಅವನ ಬಾಯಿಯ ಗಾಳಿಗೆ ಮಂಗಳಾರತಿ ತಟ್ಟೆಯ ದೀಪವೂ ಅಲುಗುವುದಿಲ್ಲ. ಇಂಥವನ ಜೊತೆ ಕುಮುದಾ ಜೋಡಿ ಕಟ್ಟಿಕೊಂಡು, ಆ ಜೋಡಿಗೆ ನಾನು ಹುಟ್ಟಿಸಿದ ಹೆಸರನ್ನೇ ಇಟ್ಟುಕೊಂಡು, ಒಂಬತ್ತು ಹಾಡಿನ ಆಲ್ಬಮ್ ಮಾಡಲು ಹೊರಟಳು. ಗುರುಪಾದನಿಗೆ, ಅಂದರೆ ನನಗೆ, ಹೊಟ್ಟೆಕಿಚ್ಚು ಅಂತ ಊರವರು ಆಡಿಕೊಂಡರು. ಸುಳ್ಳು. ಕಿಚ್ಚು ಬರೀ ಹೊಟ್ಟೆಯಲ್ಲಿದ್ದಿದ್ದರೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಿದ್ದೆ.

ನಮ್ಮೂರಿನ ಕಡೆ ಬಾರದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಇವತ್ತು ಆಡಿದ್ದು ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಸ್ವಲ್ಪ ಮೆತ್ತಗೆ ಇನ್ನೊಮ್ಮೆ ಕೇಳಿಸುತ್ತದೆ. ಒಂದೇ ಸಲ, ಆಮೇಲೆ ಇಲ್ಲ. ಅದಕ್ಕೆ ನಾವು 'ನಿನ್ನೆ' ಅನ್ನುತ್ತೇವೆ. ಬೇರೆ ಊರುಗಳಲ್ಲಿ ಲಾರಿ ದಾಟಿಹೋಗಲಿ ಅಂತ ಮಾತು ನಿಲ್ಲಿಸುತ್ತಾರಲ್ಲ, ಹಾಗೆ ನಾವು 'ತಡಿ, ನಿನ್ನೆ ಬರ್ತಿದೆ' ಅಂತ ನಿಲ್ಲಿಸುತ್ತೇವೆ. ಮದುವೆಯ ಛತ್ರ ಹಿಡಿಯುವವರು ಎರಡು ದಿನಕ್ಕೆ ಹಿಡಿಯಬೇಕು, ಮೊದಲನೇ ದಿನ ಬರೀ ಮೌನಕ್ಕೆ. ಇಲ್ಲದಿದ್ದರೆ ಮುಹೂರ್ತದ ಹೊತ್ತಿಗೆ ಇನ್ಯಾರದೋ ಮದುವೆಯ ಗಂಡಿನ ಹೆಸರು ಕೇಳಿಸಿ ಫಜೀತಿಯಾಗುತ್ತದೆ. ಆ ಮೌನ ಕಾಯುವುದಕ್ಕೆಂದೇ ನಂಜುಂಡಜ್ಜ ಅಂತ ಒಬ್ಬರಿದ್ದಾರೆ. ಗಂಡ ಹೆಂಡಿರು ಜಗಳ ಆಡಬೇಕೆನಿಸಿದರೆ ಹಿಟ್ಟಿನ ಗಿರಣಿಯ ಪಕ್ಕಕ್ಕೆ ಹೋಗುತ್ತಾರೆ. ಗಿರಣಿಯ ಸದ್ದಿನಲ್ಲಿ ಇವತ್ತಿನದೂ ಕೇಳಿಸದು, ನಾಳೆ ಬರುವುದೂ ಕೇಳಿಸದು, ಜಗಳ ಆಡಿದ ತೃಪ್ತಿಯೊಂದು ಉಳಿಯುತ್ತದೆ. ಮತ್ತೆ ಎಲ್ಲರ ಕೈಯಲ್ಲೂ ಗಡಿಯಾರ. ಆಡಬಾರದ ಮಾತು ಆಡಿದ ಕ್ಷಣ ಗಡಿಯಾರ ನೋಡಿ ಸಮಯ ಗೊಣಗಿಕೊಳ್ಳುವುದು ನಮಗೆಲ್ಲ ತೊಟ್ಟಿಲಿನಿಂದ ಬಂದ ಚಾಳಿ. ಮಾರನೇ ದಿನ ಆ ಹೊತ್ತಿಗೆ ಅಲ್ಲೇ ಇದ್ದು, ಏನಾದರೂ ಸದ್ದು ಮಾಡಿ ಅದನ್ನು ಮುಚ್ಚಬೇಕಲ್ಲ. ಪಕ್ಕದ ಮನೆಯ ಸೊಸೆಯ ಬಗ್ಗೆ ಎರಡು ಮಾತು ಆಡಿ ಅಮ್ಮ 'ಹನ್ನೊಂದೂ ಹತ್ತು' ಅಂದುಕೊಂಡಳೆಂದರೆ, ಮಾರನೇ ದಿನ ಹನ್ನೊಂದೂ ಹತ್ತಕ್ಕೆ ನಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಗರ್ರ್ ಅನ್ನುತ್ತದೆ. ನಮ್ಮ ಮನೆಯಲ್ಲಿ ಚಟ್ನಿಗೆ ಯಾವತ್ತೂ ಬರ ಬಂದದ್ದಿಲ್ಲ.

ನಾನು ಬಿ.ಎ. ಓದಿ ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸರ್ ಆದವನು. ಊರಿನ ಅರ್ಧ ಜನ ನನ್ನ ಮಾತು ಕೇಳಿಯೇ ಊರು ಬಿಡುತ್ತಾರೆ. ಬಸ್ಸು ಸಮಯಕ್ಕೆ ಸರಿಯಾಗಿ ಬಂದ ದಿನ ನನ್ನ ಇವತ್ತೂ ನನ್ನ ನಿನ್ನೆಯೂ ಸೇರಿ ಭಜನೆಯಾಗುತ್ತದೆ; ತಡವಾದ ದಿನ ಜನ ನಿನ್ನೆಯ ಮಾತು ನಂಬಿ ಬಾರದ ಬಸ್ಸಿಗೆ ಓಡುತ್ತಾರೆ. ಅದಕ್ಕೇ ಪ್ರತಿ ಪ್ರಕಟಣೆಯ ಕೊನೆಗೆ ಸಮಯ ಹೇಳಬೇಕೆಂದು ಮೇಲಿನವರು ನಿಯಮ ಮಾಡಿದರು. ನಿನ್ನೆಯೂ ಅದೇ ಸಮಯವನ್ನೇ ಹೇಳುತ್ತದಲ್ಲ ಸ್ವಾಮಿ ಅಂದೆ. ನಿಯಮ ನಿಯಮ ಅಂದರು. ಹಾಗಾಗಿ ಆರು ವರ್ಷದಿಂದ ಏನು ಹೇಳಿದರೂ ಕೊನೆಗೆ 'ಸಮಯ ಎಂಟು ಗಂಟೆ ಹದಿನೈದು ನಿಮಿಷ' ಅಂತ ಬಾಲ ಸೇರಿಸುತ್ತೇನೆ. ಪ್ರಕಟಣೆಯ ದನಿ ಕೂಡ ನನ್ನದಲ್ಲ, ಹಳೇ ರೇಡಿಯೊ ವಾರ್ತೆಯವರದು, ಎದೆಯ ತಳದಿಂದ ಎತ್ತಿದ್ದು.

ಕುಮುದಾ ಮತ್ತೆ ನಾನು ಕಾಲೇಜಿನಿಂದಲೂ ಜೋಡಿ. ಅವಳು ಹಾಡು, ನಾನು ಮಿಮಿಕ್ರಿ. ಹಿಂದಿನ ದಿನವೇ ವೇದಿಕೆಗೆ ಹೋಗಿ ಅರ್ಧ ಸಂಭಾಷಣೆ ಆಡಿ ಬರುತ್ತಿದ್ದೆವು, ಮಾರನೇ ದಿನ ತುಂಬಿದ ಸಭೆಯಲ್ಲಿ ನಿನ್ನೆಗೆ ಉತ್ತರ ಕೊಡುತ್ತಿದ್ದೆವು. ನಾಲ್ಕು ಜನರ ಜಗಳವನ್ನು ಇಬ್ಬರೇ ಆಡಿ ಮುಗಿಸುವಾಗ ಜನ ಬಿದ್ದುಬಿದ್ದು ನಗೋರು. 'ನಿನ್ನೆ ಮೊನ್ನೆ' ಅಂತ ಹೆಸರಿಟ್ಟದ್ದು ನಾನೇ. ನಿನ್ನೆ ತಾನಾಗಿ ಬರುತ್ತದೆ, ಬಾರದ ಮೊನ್ನೆಯನ್ನು ನಾವು ತರುತ್ತೇವೆ ಅಂತ ಪೋಸ್ಟರಿನಲ್ಲಿ ಬರೆಸಿದ್ದೆ. ಒಂದು ದಿನ ಅವಳು ತಾನೇ ಕಟ್ಟಿದ ಹಾಡು ತಂದಳು. ಎರಡು ಕಂಠಕ್ಕೆ ಬರೆದದ್ದು. ನೀನು ಜೊತೆಗೆ ಹಾಡು, ಸುಮ್ಮನೆ ನಿನ್ನ ದನಿಯಲ್ಲಿ ಅಂದಳು. ನಾನು ನಮ್ಮ ಪ್ರಿನ್ಸಿಪಾಲರ ದನಿಯಲ್ಲಿ ಹಾಡಿದೆ, ನಕ್ಕಳು. ಸೊಪ್ಪು ಮಾರುವವಳ ದನಿಯಲ್ಲಿ ಹಾಡಿದೆ, ಸ್ವಲ್ಪ ನಕ್ಕಳು. ವಾರ್ತೆಯವರದು ತೆಗೆದಾಗ ಕಾದಳು. 'ಇವೆಲ್ಲ ಆಯ್ತು ಗುರು, ನಿಂದು ತೆಗಿ' ಅಂದಳು. ಏನು ತೆಗೆಯಬೇಕೆಂದು ತೋಚದೆ ನಾನು ಅವಳದನ್ನೇ ತೆಗೆದೆ. ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾವಿಬ್ಬರೂ ಜೊತೆಗೆ ಕೂತದ್ದು ಅದೇ ಕೊನೆ.

ಪ್ರಭಂಜನ ಮಿಕ್ಸಿ ರಿಪೇರಿಯವನು. ನಮ್ಮೂರಲ್ಲಿ ಮಿಕ್ಸಿಗಳು ಎಷ್ಟು ಬೇಗ ಸವೆಯುತ್ತವೆ ಅಂತ ಬೇರೆ ಹೇಳಬೇಕಾಗಿಲ್ಲ. ಅವನ ಅಂಗಡಿಯ ಮುಂದೆ ಸಾಲು ಇರುತ್ತದೆ. ಬಿಡುವಿನಲ್ಲಿ ಅವನು ಮೋಟಾರುಗಳ ಗೊರಕೆಯನ್ನು ಕಂಪ್ಯೂಟರಿಗೆ ತುಂಬಿ ತಾಳ ಮಾಡುತ್ತಿದ್ದ, ಹಳೇ ಕೀಬೋರ್ಡು ಬಿಚ್ಚಿ ಸಿಂಥ್ ಅನ್ನುವ ವಾದ್ಯ ಕಟ್ಟಿದ್ದ. ಕುಮುದಾ ಮಿಕ್ಸಿ ರಿಪೇರಿಗೆ ಅಂತ ಹೋದವಳು ಹಾಡು ರಿಪೇರಿ ಮಾಡಿಸಿಕೊಂಡು ಬಂದಳು. 'ನಿನ್ನೆ ಮೊನ್ನೆ' ಹೆಸರು ಇಟ್ಟುಕೊಳ್ಳಲಾ ಅಂತ ಬಂದು ಕೇಳಿದಾಗ, ಅಯ್ಯೋ ಅದಕ್ಕೇನಂತೆ ಅಂದುಬಿಟ್ಟೆ. ದೊಡ್ಡ ಮನಸ್ಸಿನವರ ದನಿಯೂ ನನಗೆ ಬರುತ್ತದೆ. ಅಂದಿನಿಂದ ಅವನ ಕೈಯಲ್ಲಿ ಸಿಂಥು, ನನ್ನ ತಲೆಯಲ್ಲಿ ಚಿಂತೆ.

ಊರಾಚೆಯ ಮುಚ್ಚಿದ ಐಸ್ ಫ್ಯಾಕ್ಟರಿಯಲ್ಲಿ ಅವರ ಕೆಲಸ ನಡೆಯುತ್ತಿತ್ತು. ಸೋಮವಾರ ಒಂದು ಪದರ ಹಾಡುವುದು, ಮಂಗಳವಾರ ಅದರ ನಿನ್ನೆ ಬರುವಾಗ ಮೇಲೆ ಇನ್ನೊಂದು ಪದರ ಹಾಡಿ ರೆಕಾರ್ಡ್ ಮಾಡುವುದು. ಅದಕ್ಕೇ ಮೊದಲ ಆಲ್ಬಮ್ಮಿಗೆ 'ಎರಡನೇ ಸಲ' ಅಂತ ಹೆಸರು. ತಾನೇ ತನಗೆ ಹಿಮ್ಮೇಳ ಹಾಡುವ ಕುಮುದಾ, ನಡುವೆ ಅವನ ಮಿಕ್ಸಿಯ ತಾಳ. ಚೆನ್ನಾಗಿತ್ತು. ಚೆನ್ನಾಗಿತ್ತು ಅನ್ನುವುದು ನನಗೆ ಹೇಗೆ ಗೊತ್ತೆಂದರೆ, ಅವರು ತಾಲೀಮು ನಡೆಸಿದ ಮಾರನೇ ದಿನ, ಅವರು ಇಲ್ಲದ ಹೊತ್ತಿನಲ್ಲಿ, ನಾನು ಫ್ಯಾಕ್ಟರಿಯ ಕಿಟಕಿಗೆ ಕಿವಿ ಹಚ್ಚಿ ಅವರ ನಿನ್ನೆಯನ್ನು ಕೇಳುತ್ತಿದ್ದೆ. ಅವನು ಒಳಗೆ ಬೀಟು ಹಾಕಿದ್ದ, ನಾನು ಹೊರಗೆ ಬೀಟು ಹಾಕುತ್ತಿದ್ದೆ. ಹಾಡು ಹೇಗೋ ಸಹಿಸಬಹುದಿತ್ತು. ಹಾಡಿನ ನಡುವಿನ ನಗು ಸಹಿಸಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಎಣಿಸಿದೆ, ಹದಿನಾಲ್ಕು ಸಲ ನಕ್ಕಳು. ನನ್ನ ಐವತ್ತಾರು ದನಿಗಳಿಗೆ ಒಂದು ಮಧ್ಯಾಹ್ನಕ್ಕೆ ಆರು ಸಲಕ್ಕಿಂತ ಹೆಚ್ಚು ನಕ್ಕವಳಲ್ಲ. ಅವನು ಹೇಳಿದ್ದಾದರೂ ಏನು? 'ಸ್ಸ್, ಅಂದ್ರೆ, ಪ್ಲಗ್ಗು ಹಾಕೇ ಇಲ್ಲ.' ಇದಕ್ಕೆ ನಗು. ಖಾಲಿ ಕಟ್ಟಡದಲ್ಲಿ ಆ ನಗು ತಿರುಗಾಡುವುದನ್ನು ಕೇಳುತ್ತ ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿ ನಾನು ಬೆಂದೆ.

ಎಂಟು ಹಾಡು ಮುಗಿದವು. ಒಂದು ಶನಿವಾರ ಕುಮುದಾ ಬಸ್‌ಸ್ಟ್ಯಾಂಡಿನ ನನ್ನ ಗೂಡಿಗೇ ಬಂದಳು. ಒಂಬತ್ತನೆಯದರಲ್ಲಿ ನಿನ್ನೆ ಬರಬಾರದಂತೆ. ಒಂದೇ ಕಂಠ, ಒಂದೇ ಸಿಂಥು, ಹಿಂದೆ ಯಾರೂ ಇಲ್ಲ. ಹಾಗಾದರೆ ಬೇರೆ ಊರಿಗೆ ಹೋಗಿ ಮಾಡಿ ಅಂದೆ. ಅಲ್ಲಿ ನಿನ್ನೆ ಅನ್ನೋದೇ ಇರಲ್ಲ, ಅದು ಬಾರದೇ ಇದ್ದರೆ ಯಾರಿಗೆ ಗೊತ್ತಾಗುತ್ತೆ ಅಂದಳು. ಸೋಮವಾರ ಹತ್ತಕ್ಕೆ ಹಾಡುವುದು, ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಯಾರಾದರೂ ಒಳಗೆ ಕೂತು ಮೌನ ಕಾಯಬೇಕು. ನಂಜುಂಡಜ್ಜನಿಗೆ ನಾಯಿಕೆಮ್ಮು ಹತ್ತಿತ್ತು. ಊರಿಗೆಲ್ಲ ಹೆಚ್ಚು ಬಾಯಿ ಇರುವವನನ್ನು ಮೌನಕ್ಕೆ ಕರೀತಿದ್ದೀಯಲ್ಲ ಅಂತ ಕೇಳಿದೆ.

'ಹಾಡು ಚೆನ್ನಾಗಿ ಬರಲಿ ಅಂತ ಬಯಸೋರು ಬೇಕು ಗುರು. ನೀನು ಹೆಸರು ಕೊಟ್ಟೋನು' ಅಂದಳು.

ಈ ಮಾತು ಅವಳು ಆಡದೇ ಇದ್ದಿದ್ದರೆ ನಾನು ಒಪ್ಪುತ್ತಿರಲಿಲ್ಲ, ಒಪ್ಪದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಹೀಗೆ ತಪ್ಪನ್ನು ಅವಳ ತಲೆಗೆ ಕಟ್ಟಿ ಬಹಳ ದಿನ ಸಮಾಧಾನ ಮಾಡಿಕೊಂಡೆ.

ಭಾನುವಾರ ಹತ್ತಕ್ಕೆ ಒಳಗೆ ಹೋಗಿ ಅಗುಳಿ ಹಾಕಿದೆ. ಅಮೋನಿಯಾ ಕೊಳವೆಗಳ ಕೆಳಗೆ ಎರಡು ಕುರ್ಚಿ ಇದ್ದವು. ಒಂದರ ಬೆನ್ನಿಗೆ ಅವಳ ದುಪ್ಪಟ್ಟಾ. ಇನ್ನೊಂದರ ಮೇಲೆ ಅವನ ಟೆಸ್ಟರು. ಹಾಗೆ ಅಕ್ಕಪಕ್ಕ ಬಿದ್ದುಕೊಂಡಿದ್ದವು, ಒಂದೇ ಮನೆಯ ಸಾಮಾನಿನಂತೆ. ಮೂರನೇ ಕುರ್ಚಿ ಇರಲಿಲ್ಲ. ಇಪ್ಪತ್ತು ನಿಮಿಷ ನಿಂತೇ ಇದ್ದೆ, ಬಾಯಿ ಬಿಡಲಿಲ್ಲ, ಅಷ್ಟಂತೂ ದೇವರಾಣೆ ನಿಜ. ಆಮೇಲೆ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡೆ. ಫೋನಿನಲ್ಲಿ ಯಾರಿಗೋ ಹೇಳುವ ಹಾಗೆ, ಅವನು ಹೇಳುವ ಹಾಗೆಯೇ, ನಿಧಾನವಾಗಿ ಹೇಳಿ ಮುಗಿಸಿದೆ. ನನ್ನ ಜೀವಮಾನದ ಅತ್ಯುತ್ತಮ ನಕಲು. ಅವನ ತಾಯಿ ಕೇಳಿದ್ದರೆ ಊಟಕ್ಕೆ ಬಾ ಮಗನೇ ಅನ್ನಬೇಕಿತ್ತು. ಯಾರಾದರೂ ಕೇಳಿದರೆ, ಏನೋ ಸಾಮಾನು ನೋಡಲು ಒಳಗೆ ಬಂದ ಪ್ರಭಂಜನ ಫೋನಿನಲ್ಲಿ ಆಡಿದ್ದು, ಅವನ ಮರ್ಯಾದೆಗೆ ಅಂತ ನಾನು ಬಾಯಿ ಬಿಡಲಿಲ್ಲ ಅನ್ನುವುದು ಅಂತ ಲೆಕ್ಕ ಹಾಕಿಕೊಂಡೆ. ಹನ್ನೊಂದಕ್ಕೆ ಬಾಗಿಲು ತೆರೆದಾಗ ಕುಮುದಾ ಹೊರಗೆ ಕಾಯುತ್ತಿದ್ದಳು. ಮೌನ ಹೇಗಿತ್ತು ಅಂದಳು. ಸುಟ್ಟ ಹಪ್ಪಳದ ಹಾಗೆ ಗರಿಗರಿ ಅಂದೆ. ನಕ್ಕಳು. ಒಂದು ಅಂತ ಎಣಿಸಿಕೊಂಡೆ.

ಮೌನ ಕಾದವನು ಮಾರನೇ ದಿನ ಎದುರಿಗೇ ಕೂತು ಅದಕ್ಕೆ ಜವಾಬು ಕೊಡಬೇಕು, ಅದು ಊರಿನ ಪದ್ಧತಿ. ಕುಮುದಾ ನನಗಾಗಿ ಮೂರನೇ ಕುರ್ಚಿ ತರಿಸಿದ್ದಳು. ಅದನ್ನು ನೋಡಿ ಆಡಿದ್ದನ್ನು ವಾಪಸು ತೆಗೆದುಕೊಳ್ಳೋಣ ಅನ್ನಿಸಿತು, ಆದರೆ ಮಾತು ಎಲ್ಲೋ ಗಾಳಿಯಲ್ಲಿ ಹೊರಟಾಗಿತ್ತು. ಯಾವಾಗ ಬರುತ್ತದೆ ಅನ್ನುವುದು ಮಾತ್ರ ನೆನಪಿರಲಿಲ್ಲ, ಅಷ್ಟು ಮೈಮರೆತು ಆಡಿದ್ದೆ. ಹತ್ತೂ ಕಾಲಿಗೆ ಅವನು ಒಂದೇ ಸ್ವರ ಹಿಡಿದ, ಫ್ಯಾಕ್ಟರಿಯ ತಗಡೆಲ್ಲ ಅದರ ಜೊತೆ ಗುಂಯ್ಗುಟ್ಟಿತು. ಅವಳು ಹಾಡತೊಡಗಿದಳು. ಹಿಂದೆ ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ಯಾವ ದನಿಯನ್ನೂ ನಾನು ಹಾಗೆ ಒಂಟಿಯಾಗಿ ಕೇಳಿರಲಿಲ್ಲ. ಕೇಳುತ್ತ ಕೇಳುತ್ತ, ಬರದಿರಲಿ ಅಂತ ಅನಿಸಿತು. ಬಂತು.

ಮೊದಲು ಆ ಉಸಿರು. ಆಮೇಲೆ, 'ಅಂದ್ರೆ... ಹೇಗ್ ಹೇಳೋದು... ಹಾಡೋರು ಯಾರಾದ್ರೂ ಆಗುತ್ತೆ ಇದಕ್ಕೆ. ಈ ಆಲ್ಬಮ್ ಒಂದು ಮುಗೀಲಿ, ಬೇರೆ ಕಂಠ ನೋಡೋಣ. ಮೇಲಕ್ಕೆ ಹೋದಾಗ ಕುಮುದಾ ದನಿ ಎಣ್ಣೆ ಕಾಣದ ಬಾಗಿಲು.'

ಅವಳ ಹಾಡು ನಿಂತಿತು. ಪ್ರಭಂಜನನ ಬೆರಳು ಸ್ವರದ ಮೇಲೆ ಹಾಗೇ ಅಂಟಿಕೊಂಡಿತ್ತು, ಗುಂಯ್ ಅನ್ನುವುದು ನಿಲ್ಲಲಿಲ್ಲ. ಅವಳು ಅವನ ಕಡೆ ತಿರುಗಿದಳು. ಅವನು ತಲೆ ಅಲ್ಲಾಡಿಸಿದ, ಬಾಯಿ ತೆರೆದ, ಪಾಪ, ತಾನು ಅಲ್ಲ ಎಂದು ಹೇಳುವುದಕ್ಕೂ ಅವನಿಗೆ ಮೊದಲು 'ಸ್ಸ್, ಅಂದ್ರೆ' ಎಂದೇ ಶುರುಮಾಡಬೇಕಾಗಿತ್ತು. ಅದೇ ಉಸಿರು, ಅದೇ ಅಂದ್ರೆ. ಅವಳ ಮುಖದಲ್ಲಿ ಬಣ್ಣ ಇಳಿಯುವುದನ್ನು ನೋಡಿದೆ. ನಾನು ಗೆದ್ದಿದ್ದೆ. ನನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಆಗ ಇನ್ನೊಂದು ದನಿ ಬಂತು. ಸಣ್ಣದು, ಸ್ವಲ್ಪ ನಡುಗುತ್ತಿತ್ತು, ಕತ್ತಲಲ್ಲಿ ಮೆಟ್ಟಿಲು ತಡಕುವವರ ಹಾಗೆ.

'ಸಮಯ ಹತ್ತು ಗಂಟೆ ಇಪ್ಪತ್ತೆರಡು ನಿಮಿಷ.'

ಯಾರಪ್ಪಾ ಇದು ಅಂತ ನಾನೇ ಹಿಂದೆ ತಿರುಗಿ ನೋಡಿದೆ. ಐವತ್ತಾರು ದನಿ ಬಲ್ಲವನಿಗೆ ಈ ಐವತ್ತೇಳನೆಯದರ ಗುರುತು ಹತ್ತಲಿಲ್ಲ. ಮತ್ತೆ ಮುಂದೆ ತಿರುಗಿದರೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಮ್ಮೂರಿನವರು ಸಮಯ ಗೊಣಗುವುದು 'ಹತ್ತೂ ಇಪ್ಪತ್ತೆರಡು' ಅಂತ. 'ಗಂಟೆ', 'ನಿಮಿಷ' ಅಂತೆಲ್ಲ ಪೂರ್ತಿ ಹೇಳುವವನು ಊರಿಗೆ ಒಬ್ಬನೇ, ಆರು ವರ್ಷದಿಂದ. ಆಡಬಾರದ್ದು ಆಡಿದ ತಕ್ಷಣ ನನ್ನ ಕೈ ಗಡಿಯಾರವನ್ನು ಎತ್ತಿತ್ತು, ನಾಲಿಗೆ ತನ್ನ ಕೆಲಸ ಮಾಡಿತ್ತು. ನನಗೆ ತಿಳಿದಿರಲೇ ಇಲ್ಲ.

ಪ್ರಭಂಜನನ ಸ್ವರ ಇನ್ನೂ ಗುಂಯ್ಗುಡುತ್ತಲೇ ಇತ್ತು. ಕುಮುದಾ ಕಣ್ಣು ಮುಚ್ಚಿ, ಬಿಟ್ಟ ಜಾಗದಿಂದಲೇ ಮುಂದಿನ ಸಾಲು ಎತ್ತಿಕೊಂಡಳು, ಮೇಲಿನ ಸ್ಥಾಯಿಯ ಸಾಲು. ಬಾಗಿಲು ಕಿರುಗುಟ್ಟಲಿಲ್ಲ. ಹಾಡು ಮುಗಿದ ಮೇಲೆ ನೀರು ಕುಡಿದು, 'ನಿನ್ನ ಡ್ಯೂಟಿಗೆ ಹೊತ್ತಾಯ್ತಲ್ಲ ಗುರು, ಹೊರಡು' ಅಂದಳು. ಪ್ರಭಂಜನ ಬಾಗಿಲವರೆಗೆ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು, 'ಅಂದ್ರೆ... ಹೇಗ್ ಹೇಳೋದು... ನಾನು ನಿಜವಾಗ್ಲೂ ಅಷ್ಟು ಉಸಿರು ಎಳೀತೀನಾ ಗುರು ಅವರೇ?' ಅಂದ.

ಆಮೇಲೆ ಮೂರು ವಾರ ನಾನು ಮಾನ ಹೋಗುವುದನ್ನು ಕಾದೆ. ಯಾರೂ ಏನೂ ಅನ್ನಲಿಲ್ಲ. ಆ ಇಬ್ಬರ ಬಾಯಿಂದ ಅದು ಹೊರಗೆ ಬಂದಿರಲೇ ಇಲ್ಲ. ನನ್ನ ಬಗ್ಗೆ ಇಬ್ಬರೂ ಸೇರಿ ಒಂದು ಗುಟ್ಟು ಇಟ್ಟುಕೊಂಡಿದ್ದಾರೆ ಅನ್ನುವುದಕ್ಕೂ ನನಗೆ ಹೊಟ್ಟೆ ಉರಿಯಿತು ಅಂದರೆ ನಂಬುತ್ತೀರೋ ಇಲ್ಲವೋ.

ಆಲ್ಬಮ್ಮಿನ ಬಿಡುಗಡೆ ಬಸ್‌ಸ್ಟ್ಯಾಂಡಿನಲ್ಲೇ. ಊರಿಗೆಲ್ಲ ಕೇಳುವ ಮೈಕು ಇರುವುದು ನನ್ನ ಗೂಡಿನಲ್ಲಿ. ಅವರ ಕಡೆಯಿಂದ ಪೆನ್‌ಡ್ರೈವ್ ಬಂತು, ಅದಕ್ಕೆ ಸುತ್ತಿದ ಮಡಚಿದ ಹಾಳೆ ಬಂತು. ಹಾಕಬೇಕಾದವನು ನಾನೇ. ಒಂದೊಂದೇ ಹಾಡು ಹೋಗುತ್ತಿದ್ದಂತೆ ಬಸ್ಸು ಹತ್ತಿದವರು ಇಳಿದು ಬಂದರು, ಡ್ರೈವರುಗಳು ಎಂಜಿನ್ ಆರಿಸಿದರು. ತಮ್ಮ ಮನೆಯ ಮಿಕ್ಸಿಯ ಸದ್ದು ಗುರುತು ಹಿಡಿದು ಹೆಂಗಸರು ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ಎಂಟೂ ಹಾಡಿನಲ್ಲಿ ಒಂದಾದರೂ ಕೆಟ್ಟದ್ದು ಇರಲಿ ಅಂತ ಹರಕೆ ಹೊತ್ತುಕೊಂಡು ಕೇಳಿದೆ. ಇರಲಿಲ್ಲ. ಒಂಬತ್ತನೆಯದು ಶುರುವಾದಾಗ ಕೈ ಸ್ವಿಚ್ಚಿನ ಮೇಲಿಟ್ಟುಕೊಂಡು ಕೂತೆ. ಅವಳ ಒಂಟಿ ದನಿ, ಅದು ನಿಲ್ಲುವ ಜಾಗ. ಅಲ್ಲಿ ಬರೀ ಸಿಂಥಿನ ಗುಂಯ್. ನನ್ನ ನಕಲನ್ನು ಪೂರ್ತಿ ಕತ್ತರಿಸಿ ತೆಗೆದಿದ್ದರು, ಒಂದು 'ಸ್ಸ್' ಕೂಡ ಉಳಿಸಿರಲಿಲ್ಲ. ಉಸಿರು ಬಿಟ್ಟೆ. ಆಗ ಬಂತು, ಆ ನಡುಗುವ ಸಣ್ಣ ದನಿ, ಹತ್ತು ಗಂಟೆ ಇಪ್ಪತ್ತೆರಡು ನಿಮಿಷ. ಬಸ್‌ಸ್ಟ್ಯಾಂಡಿನಲ್ಲಿದ್ದ ನಾನೂರು ಜನರೂ ಒಂದೇ ಸಲ ಕೈ ಎತ್ತಿ ತಮ್ಮ ಗಡಿಯಾರ ನೋಡಿಕೊಂಡರು. ಪ್ರತಿಯೊಬ್ಬರ ಮುಖದಲ್ಲೂ ತಾವೇ ಏನೋ ಆಡಿಬಿಟ್ಟವರ ಕಳೆ. ಆಮೇಲೆ ಅವಳ ಮೇಲಿನ ಸಾಲು ಎದ್ದಾಗ ಕೆಲವರು ಕಣ್ಣೊರೆಸಿಕೊಂಡರು. ನಾನು ಹಾಳೆ ಬಿಡಿಸಿದೆ. ಹಾಡು, ಕುಮುದಾ. ವಾದ್ಯ, ಪ್ರಭಂಜನ. ಸಮಯ, ಗುರುಪಾದ.

ಬಿಡುಗಡೆ ಮುಗಿದದ್ದೇ ಅವಳನ್ನು ಹುಡುಕಿಕೊಂಡು ಹೋದೆ. ಸ್ಟ್ಯಾಂಡಿನ ಹಿಂದಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ, ಯಾವ ದನಿಯಲ್ಲಿ ಕೇಳಬೇಕು ಅನ್ನುವುದು ಮಾತ್ರ ನಿರ್ಧಾರವಾಗಿರಲಿಲ್ಲ. ಹಾಗಾಗಿ ಬಾಯಿಗೆ ಬಂದದ್ದು ತಕರಾರು: ಎಲ್ಲ ತೆಗೆದವಳು ಅದನ್ನೂ ತೆಗೀಬಹುದಿತ್ತಲ್ಲ, ನನ್ನನ್ನ ಹಂಗಿಸೋಕೆ ಇಟ್ಟೆಯಾ ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. 'ಆವತ್ತು ನೀನು ಆಡಿದ್ದರಲ್ಲಿ ನಿನ್ನ ದನಿ ಇದ್ದದ್ದು ಅಷ್ಟೇ ಕಣೋ. ಅದನ್ನ ಇಟ್ಟುಕೊಂಡೆ. ಉಳಿದದ್ದು ನಿನ್ನದಲ್ಲ, ಅವನದೂ ಅಲ್ಲ.' ನಲ್ಲಿ ತಿರುಗಿಸಿ ನಿಲ್ಲಿಸಿ, 'ಒಂದು ಹಾಡಿಗೆ ಕೇಳಿದ್ದೆ, ಕೊಡಲಿಲ್ಲ. ಒಂದು ಸಾಲಾದರೂ ಸಿಕ್ಕಿತು' ಅಂದಳು. ದೂರದಿಂದ ಪ್ರಭಂಜನ ಕೂಗಿದ, ಅಂದರೆ ಕೂಗಲು ಉಸಿರೆಳೆದುಕೊಂಡ. ಅವಳು ಹೋದಳು.

ಈಗ ಆಲ್ಬಮ್ ಇಲ್ಲದ ಮನೆ ಊರಲ್ಲಿಲ್ಲ. ಬಸ್ಸಿಗೆ ಕಾಯುವವರು ಗೂಡಿನ ಕಿಟಕಿಗೆ ತಲೆ ಹಾಕಿ, ಸಾರ್, ಆ ಹಾಡಲ್ಲಿ ಬರೋ ಥರ ಒಂದ್ಸಲ ಟೈಮ್ ಹೇಳಿ ಅನ್ನುತ್ತಾರೆ. ಹೇಳುತ್ತೇನೆ. ತಲೆ ಓರೆ ಮಾಡಿ ಕೇಳಿ, ಅಷ್ಟು ಚೆನ್ನಾಗಿ ಬರ್ಲಿಲ್ಲ ಸಾರ್ ಅಂದು ಹೋಗುತ್ತಾರೆ. ಬಾಗಿಲು ಹಾಕಿಕೊಂಡು ಒಂದು ದಿನ ಹನ್ನೆರಡು ಸಲ ಪ್ರಯತ್ನ ಪಟ್ಟೆ, ನಡುಕ ಹಾಕಿ, ನಡುಕ ತೆಗೆದು. ಮಾರನೇ ದಿನ ಹನ್ನೆರಡೂ ನಿನ್ನೆಗಳು ಸಾಲಾಗಿ ಬಂದವು, ಕೂತು ಕೇಳಿದೆ. ಒಂದೂ ಆ ಹಾಡಿನೊಳಗಿನವನಲ್ಲ.

ಮೊನ್ನೆ ಡ್ಯೂಟಿ ಮುಗಿಸಿ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದಳು, ಯಾರ ಬಗ್ಗೆ ಏನು ಆಡಿದ್ದಳೋ. ಪಕ್ಕದಲ್ಲಿ ಹಾಡು ನಡೆಯುತ್ತಿತ್ತು, ಒಂಬತ್ತನೆಯದು. ಕುಮುದಾ ದನಿ ನಿಂತ ಕೂಡಲೇ ಅಮ್ಮ ಕೈ ಚಾಚಿ ಮಿಕ್ಸಿ ಆರಿಸಿದಳು. ಮೂವತ್ತು ವರ್ಷದಲ್ಲಿ ಒಂದು ಮಾತು ಕೇಳುವುದಕ್ಕೆ ಅಂತ ಅವಳು ಮಿಕ್ಸಿ ಆರಿಸಿದ್ದನ್ನು ನಾನು ನೋಡಿದ್ದೇ ಇಲ್ಲ. ಹಿಂದಿನ ದಿನದ ಆಡಬಾರದ ಮಾತು ಮನೆಯೆಲ್ಲ ಕೇಳಲಿ ಬಿಡು ಅನ್ನುವ ಹಾಗೆ ನಿಂತಿದ್ದಳು. ಹಸಿವಾಗಿತ್ತು. ಅಮ್ಮಾ, ಏನು ಸಾರು ಅಂತ ಕೇಳಿದೆ.

ಅಮ್ಮ ತಿರುಗಲಿಲ್ಲ, ಬೆರಳು ತುಟಿಗೆ ಇಟ್ಟುಕೊಂಡಳು.

'ಸುಮ್ನಿರೋ ಸ್ವಲ್ಪ. ಗುರು ಮಾತಾಡ್ತಿದ್ದಾನೆ.'